ಕಣ್ಣು ಕಂಡದ್ದೇ ಪೂರ್ಣವೋ?

ಮಧುಗಿರಿ, ಪಾವಗಡ ಸೀಮೆಯ ಅನೇಕ ಕೊಳವೆಬಾವಿಗಳ ನೀರು ಕಣ್ಣಿಗೆ ತಿಳಿಯಾಗಿರುವದು. ಆದರೂ ಅದನ್ನು ಬಹುಕಾಲ ಕುಡಿದವರ ಹಲ್ಲುಗಳು ಕಂದಾದವು, ಕೆಲವರ ಬೆನ್ನೂ ಮೊಣಕಾಲುಗಳೂ ಸೆಟೆದುಹೋದವು. ಆ ನೀರನ್ನು ಪರೀಕ್ಷಿಸಿದಾಗ ಫ್ಲೋರೈಡೆಂಬ ಲವಣವು ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿದ್ದು ತಿಳಿದುಬಂತು. ಹಾಗಾದರೆ ಕಣ್ಣು ಸುಳ್ಳು ಹೇಳಿತೋ? ಇಲ್ಲ. ನೀರು ತಿಳಿಯಾಗಿದ್ದದ್ದು ನಿಜವೇ. ಕಣ್ಣಿನ ಸಾಕ್ಷಿಯು ಸತ್ಯವಾಗಿತ್ತು, ಪೂರ್ಣವಾಗಿರಲಿಲ್ಲ.

ಆಕಾಶದ ವಿಷಯದಲ್ಲಿಯೂ ಹೀಗೆಯೇ. ಐ.ಡಿ.ಹಳ್ಳಿಯ ಹೊಲದ ಬದುವಿನ ಮೇಲೆ ಅಮಾವಾಸ್ಯೆಯ ರಾತ್ರಿ ನಿಂತವನಿಗೆ ನಕ್ಷತ್ರಗಳೂ ಅವುಗಳ ನಡುವೆ ಕತ್ತಲೂ ಕಾಣುವವು. ದೊಡ್ಡ ದೂರದರ್ಶಕದಿಂದ ನೋಡುವ ಪಂಡಿತರಿಗೆ ಬಹುದೂರದಲ್ಲಿ ಗೆಲಾಕ್ಸಿಗಳು, ಅಂದರೆ ಕೋಟ್ಯಂತರ ನಕ್ಷತ್ರಗಳ ಸಮೂಹಗಳು, ನೂರಾರು ಸಾವಿರಾರಾಗಿ ಗುಂಪುಗೂಡಿರುವದು ಕಾಣುತ್ತದೆ. ಅವುಗಳ ನಡುವೆಯೂ ಕತ್ತಲೇ. ಅದೇ ಸ್ಥಳವನ್ನು ಕ್ಷ-ಕಿರಣದ ದೂರದರ್ಶಕದಿಂದ ನೋಡಿದರೋ, ಕೋಟಿಗಟ್ಟಲೆ ಡಿಗ್ರಿ ಕಾದ ಅನಿಲವು ಆ ಗುಂಪನ್ನೆಲ್ಲಾ ತುಂಬಿಕೊಂಡು ಪ್ರಜ್ವಲಿಸುತ್ತಿರುವದು. ಅದರ ತೂಕವು ಅಲ್ಲಿಯ ಸಕಲ ನಕ್ಷತ್ರಗಳ ತೂಕಕ್ಕಿಂತ ಹಲವು ಪಟ್ಟು ಹೆಚ್ಚು.

ಕ್ಷ-ಕಿರಣಗಳನ್ನು ವಾಯುಮಂಡಲವು ತಡೆಯುವದರಿಂದ ಇಂಥ ಯಂತ್ರವನ್ನು ಅದರ ಆಚೆಗೆ ಕಳುಹಿಸಬೇಕು. 2015ನೆಯ ಇಸವಿ ಸೆಪ್ಟೆಂಬರ್ 28ರಂದು ಹಾರಿಸಲ್ಪಟ್ಟ ನಮ್ಮ ದೇಶದ ಆಸ್ಟ್ರೋಸ್ಯಾಟ್ ಉಪಗ್ರಹವು ಕ್ಷ-ಕಿರಣವನ್ನೂ ನೇರಳಾತೀತ ಕಿರಣವನ್ನೂ ಕಣ್ಣಿಗೆ ತೋರುವ ಬೆಳಕನ್ನೂ ಒಟ್ಟಿಗೆ ನೋಡುವಂತೆ ರಚಿಸಲ್ಪಟ್ಟಿತು. ಅದರ ನೇರಳಾತೀತ ದೂರದರ್ಶಕವನ್ನು ಜೋಡಿಸಿದ್ದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ.

ಆದರೆ ಎರಡು ಸಾಕ್ಷಿಗಳು ಸೇರಿದರೂ ಲೆಕ್ಕವು ಮುಗಿಯಲಿಲ್ಲ. ಬುಲೆಟ್ ಎಂಬ ಹೆಸರಿನ ಗುಚ್ಛದಲ್ಲಿ ಎರಡು ಗುಂಪುಗಳು ಒಂದಕ್ಕೊಂದು ಡಿಕ್ಕಿ ಹೊಡೆದಿವೆ. ಗೆಲಾಕ್ಸಿಗಳು ಮುಂದಕ್ಕೆ ಹಾದುಹೋದವು; ಅನಿಲವು ತಡೆಯಲ್ಪಟ್ಟು ಹಿಂದುಳಿಯಿತು. ಅದರ ಹಿಂದಿನ ಗೆಲಾಕ್ಸಿಗಳ ಬೆಳಕು ಎಷ್ಟು ಬಾಗಿದೆಯೆಂದು ಅಳೆದು ತೂಕವನ್ನು ಕಂಡುಹಿಡಿದ ಪಂಡಿತರು, ಅಧಿಕ ತೂಕವು ಅನಿಲದ ಬಳಿಯಲ್ಲಿ ಇಲ್ಲವೆಂದು 2006ರಲ್ಲಿ ಪ್ರಕಟಿಸಿದರು. ಅದು ಯಾವ ಕಿರಣದಲ್ಲಿಯೂ ಕಾಣದ ದ್ರವ್ಯ.

ಕೆಲವು ಬೋಧಕರು ಇದನ್ನು ಅದೃಶ್ಯನಾದ ದೇವರಿಗೆ ಪ್ರಮಾಣವೆಂದು ಹೇಳುವದುಂಟು. ನನಗೆ ಒಪ್ಪಿಗೆಯಿಲ್ಲ. ಕಾಣದ ದ್ರವ್ಯವೂ ಕಲ್ಲು ಮಣ್ಣಿನಂತೆ ಸೃಷ್ಟಿಯೇ. ಮತ್ತು ಕಾಣದ್ದೆಲ್ಲಾ ಉಂಟೆಂದು ನಂಬುವದಾದರೆ, ಹಾಳುಬಾವಿಯಲ್ಲಿ ದೆವ್ವವಿದೆ ಎನ್ನುವವನನ್ನೂ ನಂಬಬೇಕಾದೀತು. ಪಂಡಿತನು ತಾನು ತೂಗಿದ ವಿಧವನ್ನು ತೋರಿಸುತ್ತಾನೆ, ಬೇರೊಬ್ಬನು ಪುನಃ ತೂಗಿ ನೋಡಬಹುದು; ದೆವ್ವದ ಸುದ್ದಿಯವನು ತಕ್ಕಡಿಯನ್ನೇ ತರುವದಿಲ್ಲ.

ನಮ್ಮ ಹಳ್ಳಿಗಳಲ್ಲಿ ನಡೆಯುವದನ್ನು ನೋಡಿರಿ. ಒಬ್ಬನು ನಡುರಾತ್ರಿಯಲ್ಲಿ ಪರರ ಹೊಲದೊಳಗಿಂದ ಬರುವದನ್ನು ಒಬ್ಬನು ಕಾಣುತ್ತಾನೆ. ಬೆಳಗಾಗುವಷ್ಟರಲ್ಲಿ ಅವನು ಕಳ್ಳನೆಂದು ಊರೆಲ್ಲಾ ಹೇಳುತ್ತದೆ. ಕಂಡವನು ಸುಳ್ಳುಗಾರನಲ್ಲ. ಆದರೆ ಆ ರಾತ್ರಿ ಕರೆಂಟು ಎಷ್ಟು ಗಂಟೆಗೆ ಬಂತು, ತನ್ನ ಪಂಪುಸೆಟ್ಟಿಗೆ ಹೋಗಲು ಅವನಿಗೆ ಬೇರೆ ದಾರಿಯುಂಟೋ ಎಂದು ಯಾರೂ ವಿಚಾರಿಸಲಿಲ್ಲ.