ಹೊಸ ಹುಟ್ಟು, ಹಳೆಯ ವಾಸನೆ

ಯಾವ ವಸ್ತುವನ್ನಾದರೂ ಪರೀಕ್ಷಿಸಿ ಬೆಲೆಕಟ್ಟುವುದು ಸುಲಭವೆಂದು ನಾವು ತಿಳಿದಿರುತ್ತೇವೆ. ಕುಂಬಾರನ ಗಡಿಗೆಯನ್ನು ಬೆರಳಿನಿಂದ ಬಡಿದು ನೋಡುತ್ತೇವೆ. ತೊಗರಿಯ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತೇವೆ. ದನದ ಸಂತೆಯಲ್ಲಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತೇವೆ. ಈ ಪರೀಕ್ಷೆಗಳಲ್ಲೆಲ್ಲ ಪರೀಕ್ಷಿಸುವವನು ಬೇರೆ, ಪರೀಕ್ಷೆಗೆ ಒಳಗಾಗುವ ವಸ್ತು ಬೇರೆ. ತನ್ನನ್ನು ಬಡಿದವನು ಎಂಥವನು ಎಂದು ಗಡಿಗೆ ಬರೆದಿಟ್ಟುಕೊಳ್ಳುವುದಿಲ್ಲ. ಆದರೆ ಈಚೆಗೆ ನಮ್ಮ ಮನೆಗಳನ್ನು ಹೊಕ್ಕಿರುವ ಒಂದು ಜಾತಿಯ ಯಂತ್ರಗಳ ವಿಷಯದಲ್ಲಿ ಈ ಮಾತು ನಿಲ್ಲುವಂತಿಲ್ಲ. ನಾವು ಅವನ್ನು ನೋಡುತ್ತಿರುವಾಗ ಅವೂ ನಮ್ಮನ್ನು ನೋಡುತ್ತಿರುತ್ತವೆ. ಅಂಥ ಯಂತ್ರವೊಂದನ್ನು ಬರಿದುಮಾಡಿ ಹೊಸದಾಗಿ ಪರೀಕ್ಷಿಸಬೇಕಾಗಿ ಬಂದಾಗ ಮನಸ್ಸಿನಲ್ಲಿ ಎದ್ದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುತ್ತಿದ್ದೇನೆ.

ಯಂತ್ರವೆಂದರೆ ದೊಡ್ಡದೇನಲ್ಲ. ಟೆಲಿವಿಷನ್ನಿನ ಬೆನ್ನಿಗೆ ಚುಚ್ಚುವ, ಬೆರಳುದ್ದದ ಒಂದು ಕಡ್ಡಿ. ಮನೆಯ ವೈಫೈಯಿಂದ ಸಿನಿಮಾ, ಹಾಡು, ಸುದ್ದಿಗಳನ್ನು ತರಿಸಿ ಪರದೆಯ ಮೇಲೆ ಹರಿಯಬಿಡುವುದು ಅದರ ಕೆಲಸ. ಅದನ್ನು ಮಾಡಿದ ಕಂಪನಿ ಯಾವುದೆಂಬುದು ಇಲ್ಲಿ ಅಪ್ರಸ್ತುತ. ಎಲ್ಲವೂ ಒಂದೇ ಕುಲದವು. ನಮ್ಮ ಕಡ್ಡಿ ಆಳಂದದ ಬಾಡಿಗೆ ಮನೆಯಲ್ಲಿ ಸೇವೆಗೆ ಸೇರಿ, ನನ್ನ ವರ್ಗಾವಣೆಯ ಸಂಗಡ ಅಫಜಲಪುರಕ್ಕೆ ಹೋಗಿ, ಅಲ್ಲಿಂದ ಭೀಮಾನದಿಯನ್ನು ದಾಟಿ ಜೇವರ್ಗಿಗೆ ಬಂದಿದೆ. ಮೂರು ಊರಿನ ನೀರು ಕುಡಿದ ಮೇಲೆ ಅದಕ್ಕೆ ಆಲಸ್ಯ ಬಂದಿತು. ಗುಂಡಿ ಒತ್ತಿದರೆ ಎಷ್ಟೋ ಹೊತ್ತಿನ ಮೇಲೆ ಓಗೊಡುವುದು. ಹಾಡಿನ ನಡುವೆ ನಿಂತು, ಒಂದು ಚಕ್ರವನ್ನು ಸುಮ್ಮನೆ ತಿರುಗಿಸುತ್ತ ಕೂಡುವುದು. ರಿಸೆಟ್ ಮಾಡಿದರೆ ಸರಿಹೋಗುವುದೆಂದು ಮಗ ಹೇಳಿದ.

ರಿಸೆಟ್ ಎಂಬುದರ ಒಳಗುಟ್ಟು ಇಷ್ಟೆ. ಇಂಥ ಅನೇಕ ಕಡ್ಡಿಗಳಲ್ಲಿ ಇರುವುದು 8 ಜಿಬಿಯಷ್ಟು ಸ್ಥಳ. ಅದರಲ್ಲಿ ದೊಡ್ಡ ಪಾಲನ್ನು ಯಂತ್ರವನ್ನು ನಡೆಸುವ ತಂತ್ರಾಂಶವೇ ನುಂಗಿರುತ್ತದೆ. ಉಳಿದ ಜಾಗದಲ್ಲಿ ಹತ್ತಾರು ಆ್ಯಪುಗಳು ಬಂದು ಬಿಡಾರ ಹೂಡುತ್ತವೆ. ನಾಳೆಗೆ ಬೇಕಾದೀತೆಂದು ಪ್ರತಿಯೊಂದೂ ಚೂರುಪಾರುಗಳನ್ನು ಕೂಡಿಟ್ಟುಕೊಳ್ಳುತ್ತದೆ. ಉಗ್ರಾಣ ತುಂಬಿದ ಮನೆಯಲ್ಲಿ ಉಪ್ಪಿನ ಡಬ್ಬಿಯನ್ನು ಹುಡುಕುವುದಕ್ಕೂ ಹೊತ್ತು ಹಿಡಿಯುತ್ತದೆಯಲ್ಲವೆ? ರಿಸೆಟ್ ಮಾಡಿದರೆ ಆ್ಯಪುಗಳು, ವೈಫೈಯ ಗುಪ್ತಪದ, ನಮ್ಮ ಖಾತೆಯ ಹೆಸರು, ನಾವು ಮಾಡಿಕೊಂಡಿದ್ದ ಏರ್ಪಾಡುಗಳು ಎಲ್ಲವೂ ಅಳಿಸಿಹೋಗುತ್ತವೆ. ಕಡ್ಡಿಯು ನಿಮ್ಮ ಭಾಷೆ ಯಾವುದು ಎಂದು, ಎಂದೂ ಕಂಡಿರದವರನ್ನು ಕೇಳುವಂತೆ ನಮ್ಮನ್ನು ಕೇಳುತ್ತದೆ. ಅಳಿಯದೆ ಉಳಿಯುವವು ಎರಡು. ಒಂದು, ಕಡ್ಡಿಯ ವಯಸ್ಸು; ಹಳೆಯ ಚಿಪ್ಪನ್ನು ಯಾವ ರಿಸೆಟ್ಟೂ ಹರೆಯಕ್ಕೆ ತರಲಾರದು. ಎರಡು, ದೂರದ ಸರ್ವರಿನಲ್ಲಿ ನಮ್ಮ ಖಾತೆಯ ಹೆಸರಿನಲ್ಲಿ ಶೇಖರವಾಗಿರುವ ನೆನಪು. ಯಾವ ದಿನ ಏನನ್ನು ನೋಡಿದೆವು, ಎಲ್ಲಿ ನಿಲ್ಲಿಸಿದೆವು ಎಂಬುದೆಲ್ಲ ಇರುವುದು ಅಲ್ಲಿ. ಹಳೆಯ ಹೆಸರನ್ನು ಹೇಳಿ ಒಳಗೆ ಹೋದೆವೋ, ಕೆಲವೇ ನಿಮಿಷಗಳಲ್ಲಿ ಅದೇ ಸಾಲುಗಳು, ಅದೇ ಸಲಹೆಗಳು, ಅರ್ಧ ನೋಡಿ ಬಿಟ್ಟ ಅದೇ ಚಿತ್ರಗಳು ಮರಳಿ ಬರುತ್ತವೆ.

ನಮ್ಮ ಹಿರಿಯರು ಪುನರ್ಜನ್ಮದ ವಿಚಾರವನ್ನು ಹೇಳುವಾಗ ವಾಸನೆ ಎಂಬ ಮಾತನ್ನು ಬಳಸುತ್ತಿದ್ದರು. ದೇಹ ಹೋದರೂ ಹಿಂದಿನ ಬಾಳಿನ ಒಲವುಗಳು ಜೀವಕ್ಕೆ ಅಂಟಿಕೊಂಡು ಬಂದು, ಹೊಸ ದೇಹದಲ್ಲಿ ಹಳೆಯ ದಾರಿಯನ್ನೇ ಹುಡುಕುತ್ತವೆಂದು ಅದರ ಅರ್ಥ. ಪುನರ್ಜನ್ಮವನ್ನು ನಂಬದವರು ಕೂಡ ಈ ಕಡ್ಡಿಯನ್ನು ಕಂಡರೆ ಆ ಮಾತಿನ ಬಿಗಿಯನ್ನು ಒಪ್ಪಿಯಾರು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಆಳಂದದ ಸೀಮೆಯಿಂದ ಹರಿದುಬರುವ ಅಮರ್ಜಾ ಭೀಮೆಯನ್ನು ಕೂಡುವ ಕಡೆ, ಸಂಗಮದಲ್ಲಿ ಮೀಯಲು ದೂರದೂರದಿಂದ ಜನ ಬರುತ್ತಾರೆ. ಮಿಂದವರು ಅಲ್ಲಿಗೇ ಮುಗಿಯಿತೆಂದು ಹಿಂದಿರುಗುವುದಿಲ್ಲ. ದತ್ತನ ಪಾದುಕೆಗಳ ದರ್ಶನ ಮಾಡಿ, ಊರಿನ ಮನೆಗಳ ಮುಂದೆ ಜೋಳಿಗೆ ಒಡ್ಡಿ ಮಧುಕರಿ ಬೇಡುತ್ತಾರೆ. ಮನೆಯಲ್ಲಿ ನಾಲ್ಕು ಆಳುಗಳಿರುವ ಸಾಹುಕಾರನೂ ಅಂದು ಭಿಕ್ಷುಕನೇ. ಈ ಕ್ರಮದಲ್ಲಿ ಒಂದು ತಿಳಿವಳಿಕೆಯಿದೆ. ನೀರು ಮೈಯನ್ನು ತೊಳೆಯಬಲ್ಲುದು; ಮಿಂದು ಎದ್ದವನು ಮತ್ತೆ ಹಳೆಯ ಹೆಸರು, ಹಳೆಯ ಹಮ್ಮುಗಳನ್ನೇ ಉಡದಿರಬೇಕಾದರೆ ಮಾಡುವುದಕ್ಕೆ ಬೇರೊಂದು ಕೆಲಸ ಬೇಕು. ಯಂತ್ರದ ಸ್ನಾನಕ್ಕೆ ಅಂಥ ಎರಡನೆಯ ಕೆಲಸವಿಲ್ಲ. ಅದನ್ನು ನಾವೇ ಮಾಡಬೇಕು.

ಮೊದಲು ಪರೀಕ್ಷೆಯ ಮಾತು. ಉತ್ತರಪತ್ರಿಕೆಗಳನ್ನು ತಿದ್ದಿ ಹೊಟ್ಟೆ ಹೊರೆಯುವವನು ನಾನು. ಆ ಕಸುಬಿನ ಒಂದು ನಿಯಮವನ್ನು ಇಲ್ಲಿಗೂ ತಂದೆ. ತಿದ್ದುವವನಿಗೆ ವಿದ್ಯಾರ್ಥಿಯ ಹೆಸರು ಕಾಣಬಾರದೆಂದು ಪತ್ರಿಕೆಯ ಮೇಲೆ ಬರಿಯ ಸಂಖ್ಯೆಯಿರುತ್ತದೆ. ಅದೇ ನ್ಯಾಯದಿಂದ, ಹಳೆಯ ಖಾತೆಯನ್ನು ಬದಿಗಿಟ್ಟು, ಯಾವ ಇತಿಹಾಸವೂ ಇಲ್ಲದ ಹೊಸ ಖಾತೆಯೊಂದನ್ನು ತೆರೆದು ಕಡ್ಡಿಯನ್ನು ಪರೀಕ್ಷಿಸಿದೆವು. ಮೊದಲ ದಿನ ಅದು ಜಿಂಕೆಯಂತೆ ಓಡಿತು. ಆದರೆ ಬರಿಗೈಯಲ್ಲಿ ಓಡುವವನ ಓಟವನ್ನು ಹೊರೆ ಹೊತ್ತವನ ಓಟದೊಡನೆ ಹೋಲಿಸಲಾದೀತೆ? ಆ್ಯಪುಗಳನ್ನೆಲ್ಲ ಮತ್ತೆ ಏರಿಸಿ, ಒಂದು ವಾರ ಬಿಟ್ಟು ನೋಡಬೇಕು. ಚಿತ್ರ ನಿಂತಾಗ ತಪ್ಪು ಕಡ್ಡಿಯದೋ ವೈಫೈಯದೋ ಎಂದು ತಿಳಿಯಲು ಅದೇ ಜಾಗದಲ್ಲಿ ಅದೇ ಹೊತ್ತಿನಲ್ಲಿ ಫೋನಿನಲ್ಲಿ ಅದೇ ಚಿತ್ರವನ್ನು ಹಚ್ಚಿ ನೋಡಬೇಕು. ರಿಮೋಟಿನ ಬ್ಯಾಟರಿ ಹಳೆಯದಾಗಿದ್ದರೆ ಅದರ ಪಾಪವನ್ನು ಕಡ್ಡಿಯ ಲೆಕ್ಕಕ್ಕೆ ಬರೆಯಬಾರದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಹೀಗೆಲ್ಲ ನೋಡಿದ ಮೇಲೆ ನಮ್ಮ ಕಡ್ಡಿಗೆ ಎರಡನೆಯ ದರ್ಜೆಯಲ್ಲಿ ಉತ್ತೀರ್ಣನಾದ ವಿದ್ಯಾರ್ಥಿಯ ಅಂಕಗಳು ಬಂದವು. ಇನ್ನೆರಡು ವರ್ಷ ದುಡಿಸಬಹುದು, ಹೊಸದು ಬೇಕಿಲ್ಲ.

ಆದರೆ ಆ ವಾರ ಪರೀಕ್ಷೆಯ ಪಟ್ಟಿಯಲ್ಲಿಲ್ಲದ ಇನ್ನೊಂದು ಸಂಗತಿಯೂ ನನ್ನ ಗಮನಕ್ಕೆ ಬಂದಿತು. ಪರದೆಗೆ ನಮ್ಮ ಪರಿಚಯವಿರಲಿಲ್ಲವಾದ್ದರಿಂದ ಅದು ಊರವರೆಲ್ಲರಿಗೂ ತೋರಿಸುವುದನ್ನೇ ನಮಗೂ ತೋರಿಸುತ್ತಿತ್ತು. ಅದರ ಸಲಹೆ ಯಾರಿಗೂ ಹಿಡಿಸಲಿಲ್ಲ. ಆದುದರಿಂದ ರಾತ್ರಿಯ ಊಟವಾದ ಮೇಲೆ ಏನನ್ನು ನೋಡೋಣ ಎಂದು ನಾವು ಒಬ್ಬರನ್ನೊಬ್ಬರು ಕೇಳಬೇಕಾಯಿತು. ಈ ಪ್ರಶ್ನೆ ನಮ್ಮ ಮನೆಯಲ್ಲಿ ಬಹಳ ದಿನಗಳಿಂದ ಹುಟ್ಟಿರಲಿಲ್ಲ. ಕೇಳುವ ಮೊದಲೇ ಯಂತ್ರ ಉತ್ತರ ಹೇಳುತ್ತಿತ್ತು. ಎರಡು ರಾತ್ರಿ ಜಗಳವಾಯಿತು, ಒಂದು ರಾತ್ರಿ ಏನನ್ನೂ ನೋಡದೆ ಮಾತಾಡುತ್ತ ಕುಳಿತೆವು. ಇದನ್ನು ಯಂತ್ರದ ಗುಣವೆನ್ನಬೇಕೆ, ದೋಷವೆನ್ನಬೇಕೆ?

ಈ ಪ್ರಶ್ನೆಯನ್ನು ನಮ್ಮ ಸೀಮೆ ಅರ್ಧ ಶತಮಾನದ ಹಿಂದೆಯೇ ಒಮ್ಮೆ ಎದುರಿಸಿದೆಯೆಂದರೆ ಇಂದಿನ ತರುಣರಿಗೆ ಆಶ್ಚರ್ಯವಾದೀತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, ಇಸ್ರೋ ಸಂಸ್ಥೆಯು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ನನ್ನು ಮುಟ್ಟಿಸಿತು. ಸೈಟ್ ಎಂದು ಹೆಸರಾದ ಆ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದವು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಬೆಂಗಳೂರಿನ ಮನೆಗಳು ಟೆಲಿವಿಷನ್ನನ್ನು ಕಾಣುವ ಮುನ್ನ ನಮ್ಮ ತೊಗರಿ ಜೋಳದ ಹಳ್ಳಿಗಳು ಅದನ್ನು ಕಂಡವು. ತಂತಿಬಲೆಯಿಂದ ಮಾಡಿದ, ಸುಮಾರು 3 ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾ. ಶಾಲೆಯಲ್ಲೋ ಪಂಚಾಯತಿಯ ಕಟ್ಟಡದಲ್ಲೋ ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಒಕ್ಕಲುತನ, ಆರೋಗ್ಯಗಳ ವಿಷಯ. ವರ್ಷ ಮುಗಿದ ಮೇಲೆ ಉಪಗ್ರಹವು ಮರಳಿ ಅದರ ಒಡೆಯರ ಸೇವೆಗೆ ಹೋಯಿತು. 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಕೇಂದ್ರ ಆರಂಭವಾಯಿತು. ಆ ಊರು 2014ರಿಂದ ಕಲಬುರಗಿ ಎಂಬ ತನ್ನ ಹೆಸರನ್ನು ಮರಳಿ ಪಡೆದಿದೆ.

ಆ ಪ್ರಯೋಗದಲ್ಲಿ ನನ್ನ ಮನಸ್ಸನ್ನು ಸೆಳೆಯುವುದು ಉಪಗ್ರಹಕ್ಕಿಂತ ಹೆಚ್ಚಾಗಿ ಅದರ ಮೌಲ್ಯಮಾಪನ. ಚಿತ್ರ ಸ್ಪಷ್ಟವಾಗಿ ಬಂದಿತೆ, ಪೆಟ್ಟಿಗೆ ಕೆಟ್ಟುನಿಂತಿತೆ ಎಂಬುದನ್ನು ಎಂಜಿನಿಯರರು ನೋಡಿದರು. ಅಷ್ಟಕ್ಕೇ ಬಿಡಲಿಲ್ಲ. ಸಮಾಜವಿಜ್ಞಾನಿಗಳು ಹಳ್ಳಿಗಳಿಗೆ ಹೋಗಿ, ನೋಡಲು ಬಂದವರಾರು, ಬಾರದವರಾರು, ನೋಡಿದವರ ತಿಳಿವಳಿಕೆಯಲ್ಲಿ ನಡತೆಯಲ್ಲಿ ಏನು ವ್ಯತ್ಯಾಸವಾಯಿತು ಎಂದು ವಿಚಾರಿಸಿದರು. ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರಜ್ಞರು ತಿಂಗಳುಗಟ್ಟಲೆ ನೆಲೆಸಿದರು. ಎಂದರೆ, ಪೆಟ್ಟಿಗೆಯ ಬೆಲೆಯು ಪೆಟ್ಟಿಗೆಯೊಳಗಿಲ್ಲ, ಅದರ ಮುಂದೆ ಕುಳಿತವರಲ್ಲಿದೆ ಎಂಬುದನ್ನು ಅವರು ಮೊದಲೇ ಒಪ್ಪಿಕೊಂಡಿದ್ದರು. ಇಂದು ಎಷ್ಟು ಬೇಗ ತೆರೆಯಿತು, ಎಷ್ಟು ನುಣುಪಾಗಿ ಹರಿಯಿತು ಎಂದು ಮಾತ್ರ ಕೇಳಿ ನಾವು ಸುಮ್ಮನಾಗುತ್ತೇವೆ. ನೋಡುವವರಿಗೆ ಏನಾಯಿತು ಎಂಬ ವಿಚಾರಣೆ ಈಗಲೂ ನಡೆಯುತ್ತಿದೆ. ಆದರೆ ಅದನ್ನು ನಡೆಸುವವರು ಕಂಪನಿಯವರು. ಇನ್ನೂ ಹೆಚ್ಚು ಹೊತ್ತು ನಮ್ಮನ್ನು ಕೂಡಿಸುವುದು ಹೇಗೆಂದು ತಿಳಿಯುವುದು ಅವರ ಉದ್ದೇಶ. ಮನೆಯ ಹಿತಕ್ಕಾಗಿ ನಡೆಯಬೇಕಾದ ವಿಚಾರಣೆಯನ್ನು ಮನೆಯವರೇ ನಡೆಸಬೇಕಾಗಿದೆ.

ಹಾಗಾದರೆ ಹೊಸ ಖಾತೆಯಲ್ಲೇ ಉಳಿಯುವುದು ಲೇಸಲ್ಲವೆ? ಹಳೆಯದನ್ನು ಸರ್ವರಿನಿಂದಲೂ ಅಳಿಸಿ, ಹಗುರವಾಗಿ ಬಾಳಬಹುದಲ್ಲವೆ? ಮಗ ಹಾಗೆಯೇ ಹೇಳಿದ. ತರ್ಕಕ್ಕೆ ಅದು ಸರಿಯಾಗಿಯೇ ಇದೆ. ಬೇಡವೆಂದವರು ನನ್ನ ತಾಯಿ.

ತಂದೆಯವರು ತೀರಿಕೊಂಡು ಎರಡು ವರ್ಷವಾಯಿತು. ಕಡೆಯ ತಿಂಗಳುಗಳಲ್ಲಿ ಅವರು ಈ ಕಡ್ಡಿಯಿಂದ ಕೇಳುತ್ತಿದ್ದುದು ತತ್ವಪದಗಳ ಭಜನೆಯೊಂದನ್ನೇ. ಕಡಕೋಳ ಮಡಿವಾಳಪ್ಪನವರ ಪದಗಳೆಂದರೆ ಅವರಿಗೆ ಪ್ರಾಣ. ಹಿಂದೆ ಜೇವರ್ಗಿಗೂ ಈಗ ಯಡ್ರಾಮಿ ತಾಲ್ಲೂಕಿಗೂ ಸೇರಿದ ಆ ಕಡಕೋಳದ ಗುರುವಿಗೆ ಚನ್ನೂರ ಜಲಾಲಸಾಹೇಬರಂಥ ಶಿಷ್ಯರು ದೊರೆತು, ಗುರುಶಿಷ್ಯರ ಪದಗಳೆಲ್ಲ ಏಕತಾರಿ, ತಾಳ, ದಮ್ಮಡಿಗಳ ಮೇಲೆ ಗಂಟಲಿನಿಂದ ಗಂಟಲಿಗೆ ನಡೆದುಬಂದಿವೆ. ಹಳೆಯ ಖಾತೆಯಲ್ಲಿ ಅಂಥದೊಂದು ಭಜನೆಯ ವಿಡಿಯೊ ಅರ್ಧಕ್ಕೆ ನಿಂತಿದೆ. ಚಿತ್ರದ ಕೆಳಗೆ, ತಂದೆಯವರು ನಿಲ್ಲಿಸಿದ ಜಾಗದವರೆಗೆ, ಒಂದು ಕೆಂಪು ಗೆರೆ. ಆಮೇಲೆ ಅದನ್ನು ಯಾರೂ ಮುಂದುವರಿಸಿಲ್ಲ. ಆ ಪದ ತಾಯಿಗೆ ಬಾಯಿಪಾಠ. ಕೇಳಬೇಕೆಂದರೆ ಯಂತ್ರದ ಹಂಗೇ ಬೇಡ. ಅವರಿಗೆ ಬೇಕಾಗಿರುವುದು ಆ ಗೆರೆ ನಿಂತ ಜಾಗ. “ಅದು ಅಲ್ಲೇ ಇರ್ಲಿ. ನಿಮಗ ಬ್ಯಾಡಾದ್ರ ನೀವ್ ನೋಡಬ್ಯಾಡ್ರಿ” ಎಂದರು.

ವಾಸನೆ ಬಂಧನವೆಂದು ಬಲ್ಲವರು ಹೇಳಿದ್ದಾರೆ. ಅದು ನಿಜವೇ ಇರಬಹುದು. ಆದರೆ ಬಂಧನವನ್ನು ಕಳಚಿಕೊಳ್ಳುವುದು ಅವರವರ ಕೈಯ ಕೆಲಸ. ಇನ್ನೊಬ್ಬರ ಪರವಾಗಿ ಉಪವಾಸ ಮಾಡಲು ಬಾರದಂತೆ ಇನ್ನೊಬ್ಬರ ಪರವಾಗಿ ಮರೆಯಲೂ ಬಾರದು. ರಿಸೆಟ್ಟಿನ ಗುಂಡಿಯ ವಿಶೇಷವೇನೆಂದರೆ, ಒತ್ತುವ ಬೆರಳು ಒಂದು, ಅಳಿಯುವ ನೆನಪುಗಳು ಮನೆಮಂದಿಗೆಲ್ಲ ಸೇರಿದವು. ನೀವು ಖಚಿತವಾಗಿ ಬಯಸುವಿರಾ ಎಂದು ಯಂತ್ರ ಕೇಳುತ್ತದೆ, ನಿಜ. ಆದರೆ ಅದು ಕೇಳುವುದು ರಿಮೋಟು ಯಾರ ಕೈಯಲ್ಲಿದೆಯೋ ಅವರನ್ನು ಮಾತ್ರ. ಉಳಿದವರನ್ನು ಕೇಳುವ ಹೊಣೆ ಆ ಕೈಯದು.

ಇದರಿಂದ ಹಳೆಯದನ್ನೆಲ್ಲ ಕೂಡಿಟ್ಟುಕೊಂಡು ಕೂಡಬೇಕೆಂದು ನಾನು ಹೇಳುತ್ತಿಲ್ಲ. ಆ ಕೆಂಪು ಗೆರೆಯೂ ಇರುವುದು ನಮ್ಮ ಮನೆಯಲ್ಲಲ್ಲ, ಯಾರದೋ ಉಗ್ರಾಣದಲ್ಲಿ. ಅವರು ತಮ್ಮ ನಿಯಮವನ್ನು ಬದಲಿಸಿದ ದಿನ ನಮ್ಮ ಅಪ್ಪಣೆ ಕೇಳದೆಯೇ ಹೋದೀತು. ಮಡಿವಾಳಪ್ಪನವರ ಪದಗಳು ಉಳಿದದ್ದು ಯಾರೋ ಕಾದಿಟ್ಟಿದ್ದರಿಂದ ಮಾತ್ರವಲ್ಲ, ರಾತ್ರಿಯೆಲ್ಲ ಕುಳಿತು ಹಾಡುವವರು ಪ್ರತಿ ಊರಿನಲ್ಲಿ ಇದ್ದುದರಿಂದ. ನೆನಪನ್ನು ಯಂತ್ರಕ್ಕೆ ಒಪ್ಪಿಸಿದ ಮಾತ್ರಕ್ಕೆ ನೆನೆಯುವ ಕೆಲಸ ನಮ್ಮ ಪಾಲಿಗೆ ತಪ್ಪುವುದಿಲ್ಲ.

ನಮ್ಮ ಮನೆಯಲ್ಲಿ ಈಗ ಆಗಿರುವ ಏರ್ಪಾಡು ಇದು. ಹಳೆಯ ಖಾತೆ ತಾಯಿಯ ಹೆಸರಿಗೆ ಹಾಗೆಯೇ ಉಳಿದಿದೆ. ಹೊಸ ಖಾತೆ ಉಳಿದವರದು. ಅದು ನಮ್ಮನ್ನು ತೀರ ಅರಿತುಕೊಂಡಿತೆಂದು ತೋರಿದಾಗ ಅದರ ನೆನಪನ್ನು ಅಳಿಸುವುದೆಂದು ಎಲ್ಲರೂ ಕುಳಿತು ಒಪ್ಪಿದ್ದೇವೆ. ಆಗ ಮತ್ತೆ ಕೆಲವು ರಾತ್ರಿ ಏನನ್ನು ನೋಡೋಣ ಎಂದು ಒಬ್ಬರನ್ನೊಬ್ಬರು ಕೇಳಬೇಕಾದೀತು, ಜಗಳವೂ ಆದೀತು. ಕಡ್ಡಿಗೆ ನಾನು ಕೊಟ್ಟ ಎರಡನೆಯ ದರ್ಜೆಯನ್ನು ಇದು ಬದಲಿಸುವುದಿಲ್ಲ. ಅದರ ಮುಂದೆ ಕೂಡುವ ನಮ್ಮ ದರ್ಜೆ ಯಾವುದೆಂಬುದು ಆ ರಾತ್ರಿಗಳಲ್ಲಿ ತಿಳಿದೀತು.