ಅಪಾನನ ಗ್ರಾಮ

ಪ್ರಶ್ನೋಪನಿಷತ್ತಿನ ಮೂರನೆಯ ಪ್ರಶ್ನೆಯಲ್ಲಿ ಒಂದು ಉಪಮಾನವಿದೆ. ಸಾಮ್ರಾಟನಾದವನು ತನ್ನ ಅಧಿಕಾರಿಗಳಿಗೆ ಇಂತಿಂಥ ಗ್ರಾಮಗಳನ್ನು ವಹಿಸಿಕೊಡುವ ಹಾಗೆ, ಮುಖ್ಯಪ್ರಾಣನು ಇತರ ಪ್ರಾಣಗಳನ್ನು ದೇಹದ ಬೇರೆಬೇರೆ ಸ್ಥಾನಗಳಲ್ಲಿ ನಿಯಮಿಸುತ್ತಾನೆ. ಕಣ್ಣು ಕಿವಿಗಳಲ್ಲಿ ತಾನೇ ನೆಲಸಿ, ನಡುವೆ ಸಮಾನನನ್ನಿರಿಸಿ, ವಿಸರ್ಜನೆಯ ಮತ್ತು ಜನನದ ಇಂದ್ರಿಯಗಳನ್ನು ಅಪಾನನಿಗೆ ಒಪ್ಪಿಸುತ್ತಾನೆ. ಆ ಸಾಮ್ರಾಟನ ದೃಷ್ಟಿಯಲ್ಲಿ ಕೀಳೂರು ಎಂಬುದೊಂದಿಲ್ಲ, ಅಧಿಕಾರಿಯಿಲ್ಲದ ಊರೂ ಇಲ್ಲ. ಆದರೆ ಆ ಉಪನಿಷತ್ತನ್ನು ಭಕ್ತಿಯಿಂದ ಪಾರಾಯಣ ಮಾಡುತ್ತಿದ್ದ ನಮ್ಮ ಮನೆಯಲ್ಲಿ ಅಪಾನನ ಗ್ರಾಮದ ಹೆಸರೆತ್ತುವಂತಿರಲಿಲ್ಲ.

ನನ್ನ ಸೋದರತ್ತೆಯವರು ವರ್ಷದಲ್ಲಿ ಮೂರು ನಾಲ್ಕು ಸಲ ಮುಖ ಬಾಡಿಸಿಕೊಂಡು, ಹಿತ್ತಿಲಿಗೂ ನಡುಮನೆಗೂ ಗಳಿಗೆಗೊಮ್ಮೆ ಓಡಾಡುತ್ತಿದ್ದುದುಂಟು. ಏನಾಯಿತೆಂದು ಕೇಳಿದರೆ "ಉಷ್ಣ ಆಗಿದೆ" ಎಂಬ ಎರಡೇ ಮಾತು. ನೆಗ್ಗಿಲು ಮುಳ್ಳಿನ ಕಷಾಯ, ಕೊತ್ತಂಬರಿ ಬೀಜ ನೆನೆಸಿದ ನೀರು, ಬಾರ್ಲಿ ಗಂಜಿ, ಎಳನೀರು, ಇವುಗಳಿಂದ ಉರಿ ತಗ್ಗುವುದು. ಕೆಲವು ತಿಂಗಳು ಕಳೆಯುವುದರೊಳಗೆ ಮತ್ತೆ ಬರುವುದು. ಮುಂದೆ ಮಾತ್ರೆಗಳ ಕಾಲ ಬಂದ ಮೇಲೂ ಈ ಸುತ್ತು ನಿಲ್ಲಲಿಲ್ಲ. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿ ಜೀವಮಾನದಲ್ಲಿ ಒಮ್ಮೆಯಾದರೂ ಮೂತ್ರಮಾರ್ಗದ ಈ ಸೋಂಕಿಗೆ ಗುರಿಯಾಗುತ್ತಾರೆಂದೂ, ಆರು ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಬಂದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕೆಂದು ಕರೆಯುತ್ತಾರೆಂದೂ ನಾನು ಅರಿತದ್ದು ಬಹಳ ತಡವಾಗಿ.

ಮರುಕಳಿಸುವುದು ಎಂಬ ಮಾತನ್ನೇ ಇಲ್ಲಿ ವಿಚಾರಿಸಬೇಕು. ಹೋದದ್ದು ಮರಳಿ ಬಂದಿತೋ, ಅಥವಾ ಹೋಗದೆ ಅಲ್ಲಿಯೇ ಅಡಗಿದ್ದುದು ಮತ್ತೆ ತಲೆಯೆತ್ತಿತೋ? 2003ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಸ್ಕಾಟ್ ಹಲ್ಟ್‌ಗ್ರೆನ್ ಅವರೂ ಸಹೋದ್ಯೋಗಿಗಳೂ ಇಲಿಗಳ ಮೂತ್ರಾಶಯವನ್ನು ಪರೀಕ್ಷಿಸಿ, ಈ ರೋಗಕ್ಕೆ ಬಹುಮಟ್ಟಿಗೆ ಕಾರಣವಾದ ಇ-ಕೊಲೈ ಎಂಬ ಜೀವಾಣು ಮೂತ್ರದಲ್ಲಿ ತೇಲುತ್ತಿರುವುದಷ್ಟೇ ಅಲ್ಲದೆ ಒಳಗೋಡೆಯ ಕೋಶಗಳನ್ನು ಹೊಕ್ಕು ಅಲ್ಲಿ ಗುಂಪುಗೂಡಿ ಬೆಳೆಯುತ್ತದೆಂದು ತೋರಿಸಿಕೊಟ್ಟರು. 2007ರಲ್ಲಿ ಸೋಂಕು ತಗಲಿದ ಹೆಂಗಸರ ಮೂತ್ರದಲ್ಲಿಯೂ ಅಂಥ ಕೋಶಗಳು ಕಂಡುಬಂದುವು. ಇಲಿಗಳಲ್ಲಿ ಕಂಡಂತೆ, ಕೆಲವು ಜೀವಾಣುಗಳು ಇನ್ನೂ ಆಳದ ಪದರಕ್ಕಿಳಿದು ವಾರಗಟ್ಟಲೆ ನಿಶ್ಚೇಷ್ಟವಾಗಿ ಉಳಿಯುತ್ತವೆ. ಮೊದಲು ಗೋಡೆಗೆ ಅಂಟಿಕೊಳ್ಳುವಾಗ ಈ ಜೀವಾಣು ಕೂದಲಿಗಿಂತ ಎಷ್ಟೋ ಪಾಲು ಸಣ್ಣದಾದ ಎಳೆಗಳನ್ನು ಚಾಚಿ, ಅವುಗಳ ತುದಿಯಿಂದ ಅಲ್ಲಿಯ ಒಂದು ಬಗೆಯ ಸಕ್ಕರೆಯನ್ನು ಹಿಡಿಯುತ್ತದೆ. ಮೂತ್ರದ ಪ್ರವಾಹ ಸೆಳೆದಷ್ಟೂ ಆ ಹಿಡಿತ ಬಿಗಿಯಾಗುತ್ತದೆ. ಇದನ್ನು ಓದಿದ ದಿನ ನಾನು ಪುಸ್ತಕವನ್ನು ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಪತಂಜಲಿ ಮಹರ್ಷಿಗಳು ಕ್ಲೇಶಗಳಿಗೆ ನಾಲ್ಕು ಅವಸ್ಥೆಗಳನ್ನು ಹೇಳುತ್ತಾರೆ: ಪ್ರಸುಪ್ತ, ತನು, ವಿಚ್ಛಿನ್ನ, ಉದಾರ. ಕಾಣದಿರುವುದೆಲ್ಲ ಇಲ್ಲದಿರುವುದಲ್ಲ, ಬೀಜರೂಪದಲ್ಲಿ ನಿದ್ರಿಸುವುದೂ ಇರುವಿಕೆಯೇ ಎಂಬುದು ಈ ವಿಭಾಗದ ತಾತ್ಪರ್ಯ. ಆಧುನಿಕ ವೈದ್ಯನು ಸೂಕ್ಷ್ಮದರ್ಶಕದಲ್ಲಿ ಕಂಡುದಕ್ಕೆ ಪ್ರಸುಪ್ತವೆಂಬ ಪದಕ್ಕಿಂತ ಒಪ್ಪುವ ಪದವನ್ನು ನಾನರಿಯೆ. ಆದರೆ ಈ ಹೋಲಿಕೆಗೆ ಒಂದು ಮೇರೆಯುಂಟು. ಕ್ಲೇಶದ ಬೀಜಕ್ಕೆ ನೀರೆರೆದವನು ಅದನ್ನು ಅನುಭವಿಸುವವನೇ. ಈ ರೋಗದ ಬೀಜವನ್ನು ನಮ್ಮ ಅತ್ತೆಯವರು ಬಿತ್ತಿದ್ದಿಲ್ಲ. ಪೂರ್ವಕರ್ಮವೆಂದು ನಿಟ್ಟುಸಿರುಬಿಡುವ ಬಂಧುಗಳು ನಮ್ಮಲ್ಲಿದ್ದರು. ಅವರ ಮಾತಿನಲ್ಲಿ ವೇದಾಂತವೂ ಇರಲಿಲ್ಲ, ದಯೆಯೂ ಇರಲಿಲ್ಲ.

ಬೀಜವಿರುವ ಎಡೆಗೇ ಮದ್ದು ಮುಟ್ಟಬೇಕೆಂಬುದು ಹಾಗಾದರೆ ಸಹಜವಾದ ನಿರ್ಣಯ. ನುಂಗಿದ ಮಾತ್ರೆಯು ಕರುಳಿನಿಂದ ರಕ್ತಕ್ಕೂ, ರಕ್ತದಿಂದ ಮೂತ್ರಪಿಂಡಕ್ಕೂ, ಅಲ್ಲಿಂದ ಮೂತ್ರಾಶಯಕ್ಕೂ ಇಳಿಯುವಷ್ಟರಲ್ಲಿ, ಕರುಳಿನಲ್ಲಿ ಯಾರಿಗೂ ಕೆಡುಕೆಣಿಸದೆ ಬಾಳುತ್ತಿದ್ದ ಅಸಂಖ್ಯ ಜೀವಾಣುಗಳು ಅದಕ್ಕೆ ಬಲಿಯಾಗುತ್ತವೆ, ಅಳಿಯದೆ ಉಳಿದವುಗಳ ಸಂತತಿಯೋ ಆ ಮದ್ದಿಗೆ ಜಗ್ಗದಂತಾಗುತ್ತದೆ. ಪೆನಿಸಿಲಿನ್ನನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗರು 1945ರ ತಮ್ಮ ನೊಬೆಲ್ ಉಪನ್ಯಾಸದಲ್ಲಿಯೇ ಜೀವಾಣುಗಳು ಮದ್ದಿಗೆ ಜಗ್ಗದಂತಾಗುವ ಅಪಾಯದ ಬಗ್ಗೆ ಎಚ್ಚರಿಸಿದ್ದರು. ಹೀಗೆ ಮಾತ್ರೆ ನುಂಗುವುದೆಂದರೆ, ಒಂದು ಗ್ರಾಮದಲ್ಲಿ ಕಳ್ಳ ಹೊಕ್ಕನೆಂದು ರಾಜ್ಯಕ್ಕೆಲ್ಲ ದಂಡ ವಿಧಿಸಿದಂತೆ. ಆ ಸ್ಥಾನಕ್ಕೇ ಮದ್ದನ್ನು ಒಯ್ಯುವ ಆಲೋಚನೆಯಾದರೋ ನಮ್ಮ ಪೂರ್ವಿಕರಿಗೆ ಹೊಸದಾಗಿರಲಿಲ್ಲ. ಮೂತ್ರಮಾರ್ಗದಿಂದ ಔಷಧವನ್ನು ಒಳಗೇರಿಸುವ ಉತ್ತರಬಸ್ತಿಯ ವಿಧಾನವನ್ನು ಚರಕ ಸುಶ್ರುತ ಸಂಹಿತೆಗಳೆರಡೂ ವರ್ಣಿಸುತ್ತವೆ, ಚರಕಸಂಹಿತೆಯಂತೂ ಹೃದಯ ಶಿರಸ್ಸುಗಳ ಸಮಕ್ಕೆ ಬಸ್ತಿಯನ್ನೂ, ಎಂದರೆ ಮೂತ್ರಾಶಯವನ್ನೂ, ಎಣಿಸಿ ಮೂರು ಪ್ರಧಾನ ಮರ್ಮಗಳೆನ್ನುತ್ತದೆ.

ಇಂದು ಕೆಲವು ರೋಗಿಗಳಿಗೆ ಜೆಂಟಮೈಸಿನ್ ಎಂಬ ಔಷಧವನ್ನು ತೆಳುವಾದ ಕೊಳವೆಯ ಮೂಲಕ ನೇರವಾಗಿ ಮೂತ್ರಾಶಯಕ್ಕೆ ಹಾಕುವುದುಂಟು. ಅದು ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೆ ಕೋಶದೊಳಕ್ಕೂ ಅದು ಸುಲಭವಾಗಿ ಹೋಗದು, ಶತ್ರುವಿರುವುದೋ ಕೋಶದೊಳಗೆ. ಈ ಒಂದು ತೊಡಕಿನ ಮುಂದೆಯೇ ಎಷ್ಟೋ ತರುಣ ತರುಣಿಯರು ತಮ್ಮ ಡಾಕ್ಟರೇಟ್ ಸಂಶೋಧನೆಯ ವರ್ಷಗಳನ್ನು ಕಳೆಯುತ್ತಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಸಂಶೋಧಕರು ಮನುಷ್ಯನ ಮೂತ್ರಾಶಯದ ಕೋಶಗಳನ್ನೇ ಪದರಪದರವಾಗಿ ಬೆಳೆಸಿ, ಅವುಗಳ ಮೇಲೆ ನಿಜವಾದ ಮೂತ್ರವನ್ನೇ ಇರಿಸಿ ಉಳಿಸಿಕೊಂಡು, ಅವಕ್ಕೆ ಸೋಂಕು ತಗಲಿಸಿ, ಔಷಧ ತುಂಬಿದ ಸೂಕ್ಷ್ಮ ಸಂಪುಟಗಳನ್ನು ಹೊತ್ತ ಅನಿಲದ ಗುಳ್ಳೆಗಳನ್ನು ಕಿವಿಗೆ ಕೇಳದ ಶಬ್ದತರಂಗಗಳಿಂದ ಕಂಪಿಸಿ, ಔಷಧವನ್ನು ಕೋಶದೊಳಕ್ಕೆ ದಾಟಿಸುವ ಪ್ರಯೋಗವನ್ನು 2019ರಲ್ಲಿ ಪ್ರಕಟಿಸಿದರು. ರೋಗಿಯ ಹಾಸಿಗೆಯ ಬಳಿಗೆ ಅದು ಬರಬೇಕಾದರೆ ಇನ್ನೂ ದೂರವಿದೆ. ಇಲಿಯ ಒಡಲಿನಲ್ಲಿ ಹುಡುಕುತ್ತಿದ್ದ ಉತ್ತರಗಳಲ್ಲಿ ಕೆಲವನ್ನಾದರೂ ಕೋಶಗಳನ್ನು ಬೆಳೆಸುವ ಪಾತ್ರೆಯಲ್ಲಿ ಹುಡುಕಬಹುದಾಗಿದೆಯೆಂಬುದು, ಅಹಿಂಸೆಯನ್ನು ಬಾಯಿಮಾತಾಗಿಸಲೊಲ್ಲದವನಿಗೆ ಸಣ್ಣ ಸಮಾಧಾನವಲ್ಲ.

ನನ್ನನ್ನು ಕಾಡುವ ಪ್ರಶ್ನೆ ಬೇರೆಯದು. ಶೌಚವು ನೆಲೆಗೊಂಡಾಗ ಸ್ವಂತ ಅಂಗಗಳಲ್ಲಿ ಜುಗುಪ್ಸೆ ಹುಟ್ಟುತ್ತದೆಂದು ಪತಂಜಲಿಗಳ ಯೋಗಸೂತ್ರಗಳೇ ಹೇಳುತ್ತವೆ. ನಮ್ಮ ಮನೆಯ ಮೌನಕ್ಕೆ ಆ ಸೂತ್ರವೇ ಆಧಾರವೆಂದು ನಾನು ಬಹುಕಾಲ ನಂಬಿದ್ದೆ, ಈಗ ನಂಬಲಾರೆ. ಯೋಗಿಯ ಜುಗುಪ್ಸೆ ಅವನ ದೇಹದ ಮೇಲಿನದು. ಅದು ದೇಹವನ್ನೆಲ್ಲ ಒಂದೇ ಸಮನಾಗಿ ಕಾಣುತ್ತದೆ, ನೆತ್ತಿಗೆ ಒಂದು ನ್ಯಾಯ, ಕಿಬ್ಬೊಟ್ಟೆಗೆ ಇನ್ನೊಂದು ನ್ಯಾಯವೆಂಬುದು ಅದಕ್ಕಿಲ್ಲ. ನಮ್ಮ ಜುಗುಪ್ಸೆಯಾದರೋ ಪರರ ದೇಹದ ಮೇಲಿನದು, ಅದರಲ್ಲಿಯೂ ಹೆಂಗಸಿನ ದೇಹದ ಮೇಲಿನದು, ಅದರಲ್ಲಿಯೂ ಒಂದೇ ಸ್ಥಾನದ ಮೇಲಿನದು. ಅವನು ಜುಗುಪ್ಸೆಯಿಂದ ಬಿಡುಗಡೆಯತ್ತ ನಡೆದನು. ನಾವು ಆ ಹೆಸರು ಹೇಳಿಕೊಂಡು ಒಬ್ಬಾಕೆಯ ನೋವಿಗೆ ಮಾತಿಲ್ಲದಂತೆ ಮಾಡಿದೆವು. ಇನ್ನೊಬ್ಬರ ಮೂತ್ರವನ್ನು ಅಸಹ್ಯಪಡದೆ ಪಾತ್ರೆಗೆ ತುಂಬಿ, ಅದರ ಕೆಳಗಿನ ಕೋಶಗಳು ಬದುಕಿವೆಯೇ ಎಂದು ದಿನದಿನವೂ ನೋಡುವ ವಿದ್ಯಾರ್ಥಿನಿಯೇ ಶೌಚದ ಅರ್ಥವನ್ನು ನಮಗಿಂತ ಚೆನ್ನಾಗಿ ಬಲ್ಲವಳೆಂದು ನನಗೆ ತೋರುತ್ತದೆ.

ಅತ್ತೆಯವರ ಕೊನೆಯ ವರ್ಷಗಳಲ್ಲಿ ಒಮ್ಮೆ ಅವರನ್ನು ಮೈಸೂರಿನಲ್ಲಿ ಒಬ್ಬ ಎಳೆಯ ವೈದ್ಯೆಯ ಬಳಿಗೆ ಕರೆದೊಯ್ದಿದ್ದೆ. ನಾನು ಪರದೆಯ ಹೊರಗೆ ಬೆಂಚಿನ ಮೇಲೆ ಕುಳಿತೆ. "ಎಲ್ಲಿ ನೋವು ಅಂತ ಕೈಯಿಟ್ಟು ತೋರಿಸಿ ಅಮ್ಮಾ" ಎಂದು ಆಕೆ ಕೇಳಿದ್ದು ಕೇಳಿಸಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಅತ್ತೆಯವರ ದನಿ ಮೆಲ್ಲಗೆ ಹೊರಟಿತು. ಎಪ್ಪತ್ತು ದಾಟಿದ ಆ ಹೆಂಗಸು ತಾವು ಮದುವೆಯಾಗಿ ಬಂದ ವರ್ಷದಿಂದ ಮೊದಲುಮಾಡಿ ಹೇಳುತ್ತ ಹೋದರು, ವೈದ್ಯೆ ನಡುವೆ ಎಲ್ಲಿಯೂ ತಡೆಯಲಿಲ್ಲ.