ಮೃತರ ಶರೀರವು ಯಾರದು?

ಬಹು ಜನರ ಪ್ರೀತಿಯನ್ನು ಗಳಿಸಿದ ನಟನಾಗಲಿ ಕವಿಯಾಗಲಿ ತೀರಿಕೊಂಡರೆ, ಅವರ ಅಂತ್ಯಕ್ರಿಯೆಯನ್ನು ಸರಕಾರವು ರಾಜಮರ್ಯಾದೆಯಿಂದ ನಡಿಸತಕ್ಕದ್ದೋ, ಮನೆಯವರು ತಮ್ಮಷ್ಟಕ್ಕೆ ಮಾಡತಕ್ಕದ್ದೋ ಎಂಬ ಪ್ರಶ್ನೆಯು ನಮ್ಮ ನಾಡಿನಲ್ಲಿ ಪದೇ ಪದೇ ಏಳುತ್ತದೆ. ಇದು ಪಟ್ಟಣದವರ ಮಾತು, ಹಳ್ಳಿಯವರಾದ ನಮಗೇನು ಎಂದು ಪ್ರಿಯ ವಾಚಕರು ಹೇಳಬಾರದು. ಉಳವಿಯಿರುವ ಸೊರಬ ತಾಲೂಕಿನವರೇ ಆದ ಕುಬಟೂರಿನ ಎಸ್. ಬಂಗಾರಪ್ಪನವರು 2011ನೇ ಇಸವಿ ದಶಂಬರ 26ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ, ಅವರ ಶರೀರವನ್ನು ಸೊರಬಕ್ಕೆ ತಂದು ಸರಕಾರಿ ಗೌರವದೊಡನೆ ಅಂತ್ಯಕ್ರಿಯೆ ನಡಿಸಿದರು. ಅವರಾದರೋ ಮುಖ್ಯಮಂತ್ರಿಗಳಾಗಿದ್ದವರು, ರಾಜ್ಯವನ್ನು ನಡಿಸಿದವರಿಗೆ ರಾಜ್ಯವು ಮರ್ಯಾದೆ ಮಾಡುವದು ಸಹಜ. ಪದವಿಯಿಲ್ಲದೆ ಜನರ ಪ್ರೀತಿಯೊಂದನ್ನೇ ಪಡೆದವರ ವಿಷಯದಲ್ಲಿ ಪ್ರಶ್ನೆಯು ಕಠಿಣವಾಗುವದು.

ಸರಕಾರಿ ಗೌರವವೆಂದರೆ ಶರೀರದ ಮೇಲೆ ರಾಷ್ಟ್ರಧ್ವಜವನ್ನು ಹೊದಿಸಿ, ಪೊಲೀಸರು ಕಹಳೆ ಊದಿ, ಆಕಾಶಕ್ಕೆ ಕೋವಿ ಹಾರಿಸಿ ವಂದನೆ ಸಲ್ಲಿಸುವದು. ಇದು ಯಾರಿಗೆ ಸಲ್ಲಬೇಕೆಂದು ರಾಜ್ಯ ಸರಕಾರವೇ ಗೊತ್ತುಮಾಡುವದುಂಟು. ಈ ಮರ್ಯಾದೆಯಲ್ಲಿ ದೋಷವಿದೆಯೆಂದು ನಾವು ಹೇಳುವದಿಲ್ಲ. ಬಡ ರಂಗನಟನ ಮಗನಾಗಿ ಹುಟ್ಟಿದ ಒಬ್ಬನ ಮುಂದೆ ಮಂತ್ರಿಗಳು ತಲೆಬಾಗುವದನ್ನು ಕಂಡರೆ ಬಡವರಿಗೆ ಧೈರ್ಯ ಹುಟ್ಟುವದು. ಅಲ್ಲದೆ ಪ್ರೀತಿಸಿದ ಜನರಿಗೆ ಅಳುವದಕ್ಕೆ ಒಂದು ಸ್ಥಳ ಬೇಕಲ್ಲವೇ? ಮನೆಯ ಬಾಗಿಲನ್ನು ಮುಚ್ಚಿಬಿಟ್ಟರೆ ದೂರದಿಂದ ನಡೆದು ಬಂದ ಕೂಲಿಯವನ ಕಣ್ಣೀರಿಗೆ ಬೆಲೆಯಿಲ್ಲವೇ? ಈ ಮಾತನ್ನು ತಳ್ಳಿಬಿಡಕೂಡದು.

ಆದರೂ 2006ನೇ ಇಸವಿಯಲ್ಲಿ ನಡೆದದ್ದನ್ನು ನೆನಸಿರಿ. ಎಪ್ರಿಲ್ 12ರಲ್ಲಿ ಡಾ. ರಾಜಕುಮಾರರು ಬೆಂಗಳೂರಿನಲ್ಲಿ ತೀರಿಕೊಂಡರು. ಮರುದಿನ ಕಂಠೀರವ ಸ್ಟುಡಿಯೋದಲ್ಲಿ ಅವರನ್ನು ಹೂಣಿಟ್ಟರು. ಆ ಎರಡು ದಿನಗಳಲ್ಲಿ ಪಟ್ಟಣದಲ್ಲಿ ಕಲ್ಲುತೂರಾಟವೂ ಬೆಂಕಿಯೂ ಗೋಲೀಬಾರೂ ನಡೆದು, ಒಬ್ಬ ಪೊಲೀಸಿನವನೂ ಸೇರಿ ಎಂಟು ಮಂದಿ ಸತ್ತರು. ಒಂದು ಮನೆಯ ದುಃಖವು ಎಂಟು ಮನೆಗಳ ದುಃಖವನ್ನು ಹುಟ್ಟಿಸಿತು. ಆ ಎಂಟು ಮನೆಗಳವರೂ ತಮ್ಮ ತಮ್ಮವರನ್ನು ಹೊತ್ತು ನಡೆಯಬೇಕಾಯಿತು. ಮೃತನು ನಮ್ಮವನೇ ಎಂದು ಪ್ರತಿಯೊಬ್ಬನೂ ಹಟಹಿಡಿದಲ್ಲಿ ಪ್ರೀತಿಯು ಪ್ರೀತಿಯಾಗಿ ಉಳಿಯುವದಿಲ್ಲ, ಅದು ಸುಲಿಗೆಯಾಗುವದು.

ಅದೇ ಮನೆತನದಲ್ಲಿ ಹದಿನೈದು ವರುಷಗಳ ಮೇಲೆ ಇನ್ನೊಂದು ಮರಣವಾಯಿತು. 2021ನೇ ಇಸವಿ ಅಕ್ಟೋಬರ್ 29ರಲ್ಲಿ ಪುನೀತ್ ರಾಜಕುಮಾರರು 46ನೇ ಪ್ರಾಯದಲ್ಲಿ ತೀರಿಕೊಂಡರು. ಕಂಠೀರವ ಕ್ರೀಡಾಂಗಣದಲ್ಲಿ ಲಕ್ಷಾಂತರ ಜನರು ಸಾಲಾಗಿ ಬಂದು ಕಡೇ ದರ್ಶನ ಪಡೆದರು. ಅಮೇರಿಕದಲ್ಲಿದ್ದ ಮಗಳು ಬಂದು ಮುಟ್ಟುವ ತನಕ ಕ್ರಿಯೆಯನ್ನು ತಡೆದರು. 31ರ ಬೆಳಿಗ್ಗೆ ತಂದೆತಾಯಿಗಳ ಸಮಾಧಿಗಳ ಬಳಿಯಲ್ಲಿ, ಸಂದಣಿಯನ್ನು ಒಳಗೆ ಬಿಡದೆ, ಸರಕಾರಿ ಗೌರವದೊಡನೆಯೇ ಹೂಣಿಟ್ಟರು. ಜನರಿಗೂ ಪಾಲು ಸಿಕ್ಕಿತು; ಮಗಳಿಗೂ ತಂದೆಯ ಮುಖ ಸಿಕ್ಕಿತು.

ಗಿರೀಶ ಕಾರ್ನಾಡರ ಮನೆಯವರು ಬೇರೆ ದಾರಿಯನ್ನು ಹಿಡಿದರು. 2019ನೇ ಇಸವಿ ಜೂನ್ 10ರಲ್ಲಿ ಅವರು ತೀರಿಕೊಂಡಾಗ ಸರಕಾರವು ಗೌರವ ಸಲ್ಲಿಸಲು ಸಿದ್ಧವಿದ್ದರೂ, ಮೃತರ ಇಚ್ಛೆಯನ್ನು ನೆನಸಿ ಮನೆಯವರು ಅದನ್ನು ಒಲ್ಲೆವೆಂದರು. ಅದೇ ದಿನ ಬೆಂಗಳೂರಿನ ಕಲ್ಪಳ್ಳಿಯ ಸ್ಮಶಾನದಲ್ಲಿ ಆಡಂಬರವಿಲ್ಲದೆ ದಹನವಾಯಿತು. ಅದರಿಂದ ಅವರ ಕೀರ್ತಿಯು ಕೂದಲಷ್ಟಾದರೂ ಕುಂದಲಿಲ್ಲ.

ಹೀಗಿರಲಾಗಿ ನಮ್ಮ ಅಭಿಪ್ರಾಯವೇನಂದರೆ: ಜನರ ದುಃಖಕ್ಕೆ ನಾಳೆ ಎಂಬದುಂಟು, ಮನೆಯವರಿಗೆ ಆ ಒಂದೇ ದಿನ. ಕುವೆಂಪುರವರು 1994ರಲ್ಲಿ ತೀರಿಕೊಂಡರು. ನಮ್ಮ ಜಿಲ್ಲೆಯ ಕುಪ್ಪಳಿಯ ಕವಿಶೈಲದಲ್ಲಿ ಅವರ ಸಮಾಧಿಯಿದೆ. ಈಗಲೂ ಜನರು ಅಲ್ಲಿಗೆ ಹೋಗಿ ಗೌರವಿಸುವರು. ಜನರ ಗೌರವವು ಇಪ್ಪತ್ತು ಮೂವತ್ತು ವರುಷ ಕಾಯಬಲ್ಲದು. ಹೆಂಡತಿಯು ಗಂಡನ ಕೈಯನ್ನು ಕಡೇ ಸಾರಿ ಹಿಡಿಯುವ ಗಳಿಗೆಯು ಕಾಯಲಾರದು. ಆದಕಾರಣ ಮೊದಲಿನ ಹಕ್ಕು ಮನೆಯದು. ಸರಕಾರವು ಕೇಳಿಕೊಂಡು ಬರಬೇಕೇ ಹೊರತು ಅಪ್ಪಣೆಮಾಡಿಕೊಂಡು ಬರಬಾರದು. ಮನೆಯವರು ಒಪ್ಪಿದರೆ ಧ್ವಜವನ್ನು ಹೊದಿಸಲಿ. ಒಲ್ಲೆವೆಂದರೆ ಬೀದಿಯ ಸಂದಣಿಯನ್ನು ಕಾದು ಮನೆಯವರನ್ನು ತಮ್ಮಷ್ಟಕ್ಕೆ ಅಳಗೊಡಿಸಲಿ. ಇದೂ ರಾಜಮರ್ಯಾದೆಯೇ.

ಇದು ಹೊಸ ಮಾತಲ್ಲ. ಯಾಕೋಬನು ಐಗುಪ್ತದಲ್ಲಿ ಸತ್ತಾಗ ಫರೋಹನ ಸೇವಕರೂ ರಥಗಳೂ ರಾಹುತರೂ ಮೆರವಣಿಗೆಯಾಗಿ ಹೋದದ್ದನ್ನೂ, ಐಗುಪ್ತ್ಯರು ಎಪ್ಪತ್ತು ದಿನ ಅತ್ತದ್ದನ್ನೂ ವಾಚಕರು ಬಲ್ಲರು. ಆದರೂ ಹೂಣಿಟ್ಟವರು ಮಕ್ಕಳು. ಹೂಣಿಟ್ಟದ್ದು ಹಿರಿಯರ ಗವಿಯಲ್ಲಿ. ಯಾಕಂದರೆ ಆ ಮುದುಕನು ಸಾಯುವದಕ್ಕೆ ಮುಂಚೆಯೇ ಮಗನಿಂದ ಪ್ರಮಾಣಮಾಡಿಸಿಕೊಂಡಿದ್ದನು.

ನಮ್ಮ ಹಳ್ಳಿಗಳಲ್ಲಿ ಸಾವಾದರೆ ಕರೆಯದೆಯೇ ನೆರೆಯವರು ಬರುವರು. ಒಬ್ಬನು ಗುದ್ದಲಿ ಹಿಡಿಯುವನು, ಒಬ್ಬನು ಹೆಗಲು ಕೊಡುವನು, ಒಬ್ಬಳು ಮಕ್ಕಳಿಗೆ ಗಂಜಿ ಕಾಯಿಸುವಳು. ಆದರೆ ಮೊದಲ ಹಿಡಿ ಮಣ್ಣನ್ನು ಹಾಕುವದಕ್ಕೆ ಮನೆಯವರಿಗೆ ದಾರಿ ಬಿಟ್ಟು ಎಲ್ಲರೂ ಹಿಂದೆ ಸರಿದು ನಿಲ್ಲುವರು. ಆ ಹಿಂದೆ ಸರಿಯುವದರಲ್ಲಿಯೇ ನಮ್ಮ ಪ್ರಶ್ನೆಗೆ ಉತ್ತರವಿದೆ. ಮಂತ್ರಿಗಳೂ ಅಭಿಮಾನಿಗಳೂ ಅಷ್ಟನ್ನು ಮಾಡಿದರೆ ಸಾಕು. ನಾವಾದರೋ ನಮ್ಮ ಕಡೇ ಇಚ್ಛೆಯೇನೆಂದು ಬಾಯಿ ನಡೆಯುವಾಗಲೇ ಮನೆಯವರಿಗೆ ತಿಳಿಸಿಡುವದು ಒಳ್ಳೇದು. ಅಳುವ ದಿನದಲ್ಲಿ ಅವರು ಜಗಳಾಡಬೇಕಾಗಿ ಬಾರದು.